ಸಾಲ ತೀರಿಸುವ ಒಪ್ಪಂದ ಎಷ್ಟು ವರ್ಷದ್ದು? ಅಡಿಕೆ ಸೀಮೆಯ ಲೆಕ್ಕ

ಮಾರ್ಚ್ ಹತ್ತಿರವಾದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬ್ಯಾಂಕುಗಳಲ್ಲೂ ಸೊಸೈಟಿಗಳಲ್ಲೂ ಒಂದೇ ಮಾತು ಕೇಳಿಬರುತ್ತದೆ: "ಕಂತು ಮಾಡಿಕೊಡಿ ಸರ್, ಎಷ್ಟು ವರ್ಷ ಟೈಮ್ ಸಿಗ್ತದೆ?" ಇದಕ್ಕೆ ಒಂದೇ ಉತ್ತರವಿಲ್ಲ. ಸಿಕ್ಕ ಪತ್ರ ಸಾಲದ ಮರುಹೊಂದಾಣಿಕೆಯದೋ, ಒಂದೇ ಸಲದ ತೀರುವಳಿಯದೋ, ಅಂದರೆ ಎಲ್ಲರೂ ಹೇಳುವ ಓಟಿಎಸ್‌ನದೋ, ಲೋಕ ಅದಾಲತ್‌ನ ರಾಜಿಯದೋ, ಕೋರ್ಟು ಹಣ ಕಟ್ಟಿ ಎಂದು ಕೊಡುವ ಆದೇಶ, ಅಂದರೆ ಡಿಕ್ರಿಯೋ ಎಂಬುದರ ಮೇಲೆ ಅವಧಿ 3 ತಿಂಗಳೂ ಆಗಬಹುದು, 5 ವರ್ಷವೂ ಆಗಬಹುದು. ಹಣ ಕಟ್ಟಿ ಮುಗಿಸಿದ ಮೇಲೂ ಅದರ ಗುರುತು ಪಹಣಿಯಲ್ಲೋ ಸಾಲದ ಇತಿಹಾಸ ಇಡುವ ಸಿಬಿಲ್‌ನಲ್ಲೋ ಇನ್ನಷ್ಟು ವರ್ಷ ಉಳಿದುಕೊಳ್ಳುವುದೂ ಇದೆ.

ಮೊಬೈಲಿನಲ್ಲಿ ಹುಡುಕಿದರೆ "5 ವರ್ಷ, 6 ವರ್ಷ, ಆಮೇಲೆ ಉಳಿದ ಸಾಲ ಮನ್ನಾ" ಎಂದು ಬರುತ್ತದಲ್ಲ, ಅದು ಇಂಗ್ಲೆಂಡಿನ ಐವಿಎ ಎಂಬ ಪದ್ಧತಿಯ ಲೆಕ್ಕ. ಅಮೆರಿಕದ ದಿವಾಳಿ ಕಾನೂನಿನ 13ನೇ ಅಧ್ಯಾಯದಲ್ಲಿ ಅದು 3ರಿಂದ 5 ವರ್ಷ. ಸಂಬಳದಾರರು ತಿಂಗಳು ತಿಂಗಳು ಕಟ್ಟುವ ಏರ್ಪಾಡು ಅದು. ನಮ್ಮಲ್ಲಿ 2016ರ ದಿವಾಳಿ ಸಂಹಿತೆಯಲ್ಲಿ ಅಂಥದ್ದೊಂದು ಭಾಗ ಇದೆ ನಿಜ. ಆದರೆ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ 2019ರ ಡಿಸೆಂಬರ್‌ನಿಂದ ಅನ್ವಯವಾದದ್ದು ಬಿಟ್ಟರೆ, ಸಾಮಾನ್ಯ ವ್ಯಕ್ತಿಗಳಿಗೆ ಆ ಭಾಗವನ್ನು ಜಾರಿಗೇ ತಂದಿಲ್ಲ. ಹಾಗಾಗಿ ತೋಟದ ಸಾಲಕ್ಕೆ ಆ 5 ವರ್ಷದ ಮಾತು ಹೊಂದುವುದಿಲ್ಲ. ನಮ್ಮಲ್ಲೂ ಒಂದು "5 ವರ್ಷ" ಇದೆ, ಅದು ಬರುವುದು ಬೇರೆ ದಾರಿಯಿಂದ.

ಬೆಳೆ ಹೋದಾಗ ಸಿಗುವ 2 ವರ್ಷ, 5 ವರ್ಷ

ಪ್ರಕೃತಿ ವಿಕೋಪಕ್ಕೆ ಸಿಕ್ಕ ಪ್ರದೇಶದ ಬೆಳೆಸಾಲವನ್ನು ಹೇಗೆ ಮುಂದೂಡಬೇಕೆಂದು ರಿಸರ್ವ್ ಬ್ಯಾಂಕಿನ 2018ರ ಮಾಸ್ಟರ್ ನಿರ್ದೇಶನ ಹೇಳುತ್ತದೆ. ಬೆಳೆ ನಷ್ಟ ಶೇ 33ರಿಂದ 50ರ ನಡುವೆ ಇದ್ದರೆ ಮರುಪಾವತಿಗೆ ಹೆಚ್ಚೆಂದರೆ 2 ವರ್ಷ. ಶೇ 50 ದಾಟಿದರೆ ಹೆಚ್ಚೆಂದರೆ 5 ವರ್ಷ. ಎರಡರಲ್ಲೂ ಮೊದಲ 1 ವರ್ಷ ಮೊರಟೋರಿಯಂ, ಅಂದರೆ ಅಸಲಿನ ಕಂತು ಕೇಳದ ವಿರಾಮ. ಗಮನಿಸಬೇಕಾದದ್ದು, ಈ ವಿರಾಮ ಅವಧಿಯ ಒಳಗೇ ಸೇರಿದೆ, ಹೊರಗಲ್ಲ.

ಇದನ್ನು ಅಂಕಿಯಲ್ಲಿ ಇಟ್ಟು ನೋಡಿ. ಅಸಲು, ಆ ವರ್ಷದ ಬಡ್ಡಿ ಸೇರಿ 3,20,000 ರೂಪಾಯಿ ಬಾಕಿ, ಬಡ್ಡಿ ಶೇ 9, ವರ್ಷಕ್ಕೊಂದೇ ಕಂತು, ವಿರಾಮದ ವರ್ಷದಲ್ಲಿ ಬಡ್ಡಿ ಮಾತ್ರ ಕಟ್ಟುವುದು ಎಂದುಕೊಳ್ಳಿ. 5 ವರ್ಷದ ಅವಧಿ ಸಿಕ್ಕಿದರೆ ಮೊದಲ ವರ್ಷ 28,800 ಬಡ್ಡಿ. ಎರಡನೇ ವರ್ಷದಿಂದ 80,000 ಅಸಲು, ಜೊತೆಗೆ ಕ್ರಮವಾಗಿ 28,800, 21,600, 14,400, 7,200 ಬಡ್ಡಿ. ಒಟ್ಟು ಬಡ್ಡಿ 1,00,800. 2 ವರ್ಷದ ಅವಧಿಯಾದರೆ? ಮೊದಲ ವರ್ಷ ಅದೇ 28,800. ಎರಡನೇ ವರ್ಷ 3,48,800 ರೂಪಾಯಿ ಒಂದೇ ಏಟಿಗೆ. ಬಡ್ಡಿಯಲ್ಲಿ 43,200 ಉಳಿಯಿತು ಎನ್ನಬಹುದು, ಆದರೆ ಅರ್ಧಕ್ಕೆ ಹತ್ತಿರ ಬೆಳೆ ಕಳೆದುಕೊಂಡ ತೋಟ ಮರುವರ್ಷದ ಒಂದೇ ಕೊಯ್ಲಿನಲ್ಲಿ ಪೂರ್ತಿ ಸಾಲ ಎತ್ತಬೇಕು. ನಷ್ಟ ಶೇ 48 ಎಂದು ಬರೆದರೋ 52 ಎಂದು ಬರೆದರೋ ಎಂಬುದರಲ್ಲಿ ಒಂದು ಮನೆಯ ನಾಲ್ಕು ವರ್ಷದ ಬದುಕು ನಿಂತಿರುತ್ತದೆ. ಗ್ರಾಮ ಆಡಳಿತಾಧಿಕಾರಿಗಳೂ (ಹಿಂದಿನ ಗ್ರಾಮ ಲೆಕ್ಕಿಗರು) ತೋಟಗಾರಿಕೆ ಇಲಾಖೆಯವರೂ ಜಂಟಿ ಸಮೀಕ್ಷೆಗೆ ಬಂದ ದಿನ ತೋಟದಲ್ಲಿ ಯಜಮಾನರೇ ಇರಬೇಕು, ಉದುರಿದ ಕಾಯಿ, ಕೊಳೆತ ಅಡಿಕೆಗೊನೆ ತೋರಿಸಬೇಕು ಎನ್ನುವುದು ಇದಕ್ಕೇ. ಆ ದಿನ ಮದುವೆ ಮನೆಗೆ ಹೋಗಿದ್ದವರು ಆಮೇಲೆ ತಾಲ್ಲೂಕು ಕಚೇರಿ ಸುತ್ತಿ ಪ್ರಯೋಜನ ಕಡಿಮೆ.

ಈ ಸೌಲಭ್ಯಕ್ಕೆ ಮೂರು ಬಾಗಿಲು ದಾಟಬೇಕು. ಮೊದಲನೆಯದು ಸರ್ಕಾರದ ಘೋಷಣೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ಆಗ ದಾರಿ ಸಲೀಸಾಗಿತ್ತು. ಮಲೆನಾಡಿನ ನಷ್ಟ ಬಹಳ ಸಲ ಆ ಬಗೆಯದ್ದಲ್ಲ. ನೆರೆ, ಭೂಕುಸಿತ, ಬರ, ಆಲಿಕಲ್ಲು, ಕೀಟಬಾಧೆ ವಿಕೋಪದ ಕೇಂದ್ರ ಪಟ್ಟಿಯಲ್ಲಿವೆ. ಅಡಿಕೆಯ ಕೊಳೆರೋಗ, ಎಲೆಚುಕ್ಕೆ ರೋಗ ಶಿಲೀಂಧ್ರದಂಥವು, ಅವುಗಳ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಎಲೆಚುಕ್ಕೆಯಿಂದ ಸೋಗೆ ಒಣಗಿ ಫಸಲು ಅರ್ಧಕ್ಕೆ ಇಳಿದರೂ "ವಿಕೋಪ ಘೋಷಣೆ ಆಗಿಲ್ಲ" ಎಂಬ ಉತ್ತರ ಬ್ಯಾಂಕಿನಿಂದ ಬರುವುದು ಇದೇ ಕಾರಣಕ್ಕೆ. ನಮ್ಮ ಅಭಿಪ್ರಾಯದಲ್ಲಿ ಈಗಿನ ನಿಯಮದ ದೊಡ್ಡ ತೂತು ಇದು. ನೆರೆ ಒಂದು ವರ್ಷದ ಬೆಳೆ ಒಯ್ಯುತ್ತದೆ, ರೋಗ ಮರದ ಶಕ್ತಿಯನ್ನೇ ಒಯ್ಯುತ್ತದೆ. ಆದರೆ ಕಂತು ಮುಂದಕ್ಕೆ ಹೋಗುವುದು ಮೊದಲನೆಯದಕ್ಕೆ ಮಾತ್ರ.

ಎರಡನೆಯ ಬಾಗಿಲು ಇನ್ನೂ ಇಕ್ಕಟ್ಟು. ವಿಕೋಪ ಬಂದ ಹೊತ್ತಿಗೆ ಆಗಲೇ ಸುಸ್ತಿಯಾಗಿದ್ದ, ಅಂದರೆ ಗಡುವು ದಾಟಿ ಬಾಕಿ ಉಳಿದಿದ್ದ ಬೆಳೆಸಾಲಕ್ಕೆ ಈ ಮರುಹೊಂದಾಣಿಕೆ ಇಲ್ಲ. ಹಿಂದಿನ ವರ್ಷವೇ ಕಟ್ಟದವರು, "ಈ ಸಲ ಬರ ಬಂತು, ಅದರಲ್ಲೇ ಸೇರಿಸಿ" ಎಂದರೆ ನಡೆಯುವುದಿಲ್ಲ. ಮೂರನೆಯದು ಕಾಲ. ಘೋಷಣೆಯ ದಿನದಿಂದ 3 ತಿಂಗಳೊಳಗೆ ಮರುಹೊಂದಾಣಿಕೆ ಮುಗಿಸಬೇಕು. ಶಾಖೆಯಿಂದ ಫೋನ್ ಬರಲಿ ಎಂದು ಕಾಯದೆ ಘೋಷಣೆಯಾದ ವಾರದಲ್ಲೇ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬರುವುದು ಒಳ್ಳೆಯದು.

ಇಷ್ಟು ಆದರೆ ಲಾಭ ದೊಡ್ಡದು. ಸಾಲ ಸುಸ್ತಿ ಎನಿಸಿಕೊಳ್ಳುವುದಿಲ್ಲ, ಚಾಲ್ತಿ ಸಾಲವೆಂದೇ ಲೆಕ್ಕ. ಹೊಸ ಬೆಳೆಸಾಲಕ್ಕೂ ದಾರಿ ಉಳಿಯುತ್ತದೆ. ತೀರುವ ಮೊದಲೇ ಇನ್ನೊಂದು ವಿಕೋಪ ಬಂದರೆ ಮತ್ತೆ ಮುಂದೂಡಲು ಅವಕಾಶವಿದೆ, ಅದನ್ನು ಎರಡನೇ ಸಲದ ಮರುಹೊಂದಾಣಿಕೆ ಎಂದು ಎಣಿಸುವುದಿಲ್ಲ. ಬಡ್ಡಿ ವಿಷಯದಲ್ಲಿ ಮಾತ್ರ ಎಚ್ಚರ: ಕೇಂದ್ರದ ಬಡ್ಡಿ ಸಹಾಯಧನ ಮರುಹೊಂದಾಣಿಕೆಯಾದ ಸಾಲಕ್ಕೆ ಸಾಮಾನ್ಯವಾಗಿ ಮೊದಲ ವರ್ಷಕ್ಕಷ್ಟೇ, ಎರಡನೇ ವರ್ಷದಿಂದ ಬ್ಯಾಂಕಿನ ಮಾಮೂಲಿ ದರ. ಶೇ 4ರಲ್ಲಿ ಬೆಳೆಸಾಲ ಕಟ್ಟಿ ರೂಢಿಯಾದವರಿಗೆ ಎರಡನೇ ವರ್ಷದ ನೋಟಿಸ್ ನೋಡಿ ಗಾಬರಿಯಾಗುತ್ತದೆ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ ಎಂಬುದೂ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ದಾಟಿದ ಮೇಲೆ ಆ ಶೂನ್ಯ ಉಳಿಯುವುದಿಲ್ಲ.

ಬೋರ್‌ವೆಲ್, ಪಂಪ್‌ಸೆಟ್, ತೋಟ ಅಭಿವೃದ್ಧಿಗೆ ತೆಗೆದ ದೀರ್ಘಾವಧಿ ಸಾಲದ ಲೆಕ್ಕ ಬೇರೆ. ಬೆಳೆ ಮಾತ್ರ ಹೋಗಿ ಆಸ್ತಿ ಉಳಿದಿದ್ದರೆ ಆ ವರ್ಷದ ಕಂತು ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಗುಡ್ಡ ಕುಸಿದು ತೋಟವೇ ಹೋಗಿದ್ದರೆ ಅವಧಿ ವಿಸ್ತರಿಸಬಹುದು, ಸಾಮಾನ್ಯವಾಗಿ 5 ವರ್ಷ ಮೀರದಂತೆ.

ಓಟಿಎಸ್: 3 ತಿಂಗಳ ಮಾತು ಎಲ್ಲಿಂದ ಬಂತು

ಸಾಲ ಆಗಲೇ ಸುಸ್ತಿಯಾಗಿ ವಸೂಲಾಗದ ಸಾಲಗಳ ಎನ್‌ಪಿಎ ಪಟ್ಟಿ ಸೇರಿದ್ದರೆ ಮಾತು ಓಟಿಎಸ್ ಕಡೆಗೆ ತಿರುಗುತ್ತದೆ. ಅಲ್ಪಾವಧಿ ಬೆಳೆಗೆ ಎರಡು ಬೆಳೆ ಹಂಗಾಮು, ವರ್ಷಕ್ಕಿಂತ ಹೆಚ್ಚು ಕಾಲದ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದರೆ ಕೃಷಿ ಸಾಲ ಎನ್‌ಪಿಎ. ಮನೆ ಸಾಲ, ಅಂಗಡಿ ಸಾಲಕ್ಕಾದರೆ 90 ದಿನ.

ಓಟಿಎಸ್‌ನಲ್ಲಿ ಬ್ಯಾಂಕು ಬಾಕಿಯಲ್ಲಿ ಒಂದು ಪಾಲು ಬಿಡುತ್ತದೆ, ಉಳಿದದ್ದನ್ನು ನಗದಾಗಿ ತೀರಿಸಬೇಕು. ಹೆಚ್ಚಿನವರು ಕೇಳುವುದು "ಎಷ್ಟು ಬಿಡ್ತೀರಿ" ಎಂದು. ಕೇಳಬೇಕಾದ್ದು "ಎಷ್ಟು ದಿನ ಕೊಡ್ತೀರಿ" ಎಂದು. ಏಕೆಂದರೆ ರಾಜಿ ತೀರುವಳಿಗೆ ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ತಂದ ಚೌಕಟ್ಟಿನಲ್ಲಿ ಒಂದು ಗೆರೆ ಇದೆ: ಒಪ್ಪಿದ ಮೊತ್ತ ಕಟ್ಟಲು ಕೊಟ್ಟ ಕಾಲ 3 ತಿಂಗಳು ಮೀರಿದರೆ ಅದನ್ನು ಮರುಹೊಂದಾಣಿಕೆ ಎಂದೇ ಪರಿಗಣಿಸಬೇಕು. ಹಾಗೆ ಪರಿಗಣಿಸಿದರೆ ಬ್ಯಾಂಕಿಗೆ ಬೇರೆ ನಿಯಮ, ಬೇರೆ ಲೆಕ್ಕ, ಮೇಲಿನ ಕಚೇರಿಯ ಅನುಮತಿ. ಮ್ಯಾನೇಜರ್ "90 ದಿನದೊಳಗೆ ಮುಗಿಸಿ" ಎಂದು ಪಟ್ಟು ಹಿಡಿಯುವುದರ ಹಿಂದೆ ಇರುವುದು ಇದು, ಹಟವಲ್ಲ. 6 ತಿಂಗಳು, 1 ವರ್ಷದ ಓಟಿಎಸ್‌ಗಳೂ ಆಗುತ್ತವೆ. ಆದರೆ ಅಲ್ಲಿ ಮುಂಗಡ ಹೆಚ್ಚು ಕೇಳುತ್ತಾರೆ, ಉಳಿದ ಮೊತ್ತಕ್ಕೆ ಬಡ್ಡಿ ಹಾಕುತ್ತಾರೆ.

ಈ 90 ದಿನ ಅಡಿಕೆಯ ವರ್ಷಕ್ಕೆ ಸುಲಭವಾಗಿ ಕೂರುವುದಿಲ್ಲ. ಕೆಂಪಡಿಕೆ ಮಾಡುವ ನಮ್ಮ ಭಾಗದಲ್ಲಿ ಕೊಯ್ಲು ಅಕ್ಟೋಬರ್ ಹೊತ್ತಿಗೆ ಬಿರುಸಾಗಿ ಜನವರಿವರೆಗೂ ಎಳೆಯುತ್ತದೆ. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ ಟೆಂಡರಿನಲ್ಲಿ ದರ ಬಿದ್ದು ದುಡ್ಡು ಕೈಗೆ ಬರುವುದು ಡಿಸೆಂಬರಿನಿಂದ ಮೇ ತನಕ. ಜೂನ್‌ನಿಂದ ಸೆಪ್ಟೆಂಬರ್ ಬರೀ ಖರ್ಚಿನ ಕಾಲ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 40-45 ದಿನಕ್ಕೆ ಮತ್ತೊಂದು ಸುತ್ತು, ಮರ ಹತ್ತುವವರ ಕೂಲಿ ಬೇರೆ. ಜುಲೈಯಲ್ಲಿ ಓಟಿಎಸ್‌ಗೆ ಸಹಿ ಹಾಕಿದವರ 90 ದಿನ ಅಕ್ಟೋಬರಿಗೆ ಮುಗಿಯುತ್ತದೆ, ಆಗ ಫಸಲು ಇನ್ನೂ ಮರದ ಮೇಲಿರುತ್ತದೆ. ಆಗ ಆಗುವುದು ಎರಡೇ: ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ, ಅಂದರೆ ಚೇಣಿಗೆ ಕೊಟ್ಟು ಮುಂಗಡ ಎತ್ತುವುದು, ಅಥವಾ ಕೈಸಾಲ. ಚೇಣಿದಾರರು ಆ ಅವಸರ ನೋಡಿಯೇ ದರ ಹೇಳುತ್ತಾರೆ. ಬ್ಯಾಂಕು ಬಿಟ್ಟ ಒಂದು ಲಕ್ಷ ಅಲ್ಲಿ ಕರಗಿ ಹೋಗಬಹುದು. ಓಟಿಎಸ್ ಅರ್ಜಿಯನ್ನು ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಹಾಕಿದರೆ ಅದೇ 90 ದಿನ ಮಾರಾಟದ ಕಾಲದ ಮೇಲೆ ಬೀಳುತ್ತದೆ. ವರ್ಷಾಂತ್ಯದ ಗುರಿ ಮುಟ್ಟುವ ತರಾತುರಿ ಬ್ಯಾಂಕಿಗೂ ಇರುವ ಕಾಲ ಅದು, ಚೌಕಾಸಿಗೂ ಒಳ್ಳೆಯದು.

ಗಡುವು ತಪ್ಪಿದರೆ ಏನು? ಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ: ನಿಗದಿತ ದಿನದೊಳಗೆ ಕಟ್ಟದಿದ್ದರೆ ರಿಯಾಯಿತಿ ರದ್ದು, ಕಟ್ಟಿದ ಹಣ ಹಳೇ ಬಾಕಿಗೆ ಜಮೆ. ಉದಾಹರಣೆಗೆ 8 ಲಕ್ಷದ ಬಾಕಿ 5 ಲಕ್ಷಕ್ಕೆ ಒಪ್ಪಿಗೆಯಾಗಿ, 4 ಲಕ್ಷ ಕಟ್ಟಿ ಕೊನೆಯ 1 ಲಕ್ಷ ತಪ್ಪಿತು ಎನ್ನಿ. ಉಳಿದ ಸಾಲ 1 ಲಕ್ಷ ಅಲ್ಲ, 4 ಲಕ್ಷ, ಮೇಲೆ ಬಡ್ಡಿ. ಕೋರ್ಟಿಗೆ ಹೋದರೆ ಟೈಮ್ ಸಿಗಬಹುದು ಎಂಬ ನಂಬಿಕೆ ಊರಲ್ಲಿ ಇನ್ನೂ ಇದೆ. ಓಟಿಎಸ್ ಕೊಡಿ ಎಂದು ಸಾಲಗಾರ ಹಕ್ಕಿನಿಂದ ಕೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಬಿಜ್ನೋರ್ ಅರ್ಬನ್ ಕೋಆಪರೇಟಿವ್ ಬ್ಯಾಂಕ್ ಪ್ರಕರಣದಲ್ಲಿ ಹೇಳಿತು. ಒಪ್ಪಿದ ಓಟಿಎಸ್‌ನ ಗಡುವನ್ನು ಹೈಕೋರ್ಟ್ ತಾನಾಗಿ ವಿಸ್ತರಿಸುವಂತಿಲ್ಲ ಎಂದು 2022ರ ನವೆಂಬರಿನಲ್ಲಿ ಅರವಿಂದ್ರ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ವಿಸ್ತರಣೆ ಬೇಕಿದ್ದರೆ ಗಡುವು ಮುಗಿಯುವ ಮೊದಲೇ ಬ್ಯಾಂಕಿನಿಂದಲೇ ಬರಹದಲ್ಲಿ ಪಡೆಯಬೇಕು. "ಮ್ಯಾನೇಜರು ಬಾಯಲ್ಲಿ ಆಯ್ತು ಅಂದಿದ್ರು" ಎಂಬುದಕ್ಕೆ ಬೆಲೆ ಇಲ್ಲ, ಅವರಿಗೆ ವರ್ಗವಾದ ಮೇಲಂತೂ ಕೇಳಲೇಬೇಡಿ.

ಇನ್ನೊಂದು ಸೂಕ್ಷ್ಮ. ಬರೀ ಪ್ರೊನೋಟ್, ಅಂದರೆ ವಾಗ್ದಾನ ಪತ್ರದ ಮೇಲಿನ ಸಾಲಕ್ಕೆ ದಾವೆ ಹೂಡಲು ಕಾಲಮಿತಿ 3 ವರ್ಷ, ಅಡಮಾನದ ಸಾಲಕ್ಕೆ 12 ವರ್ಷ. ಆ ಕಾಲ ಮುಗಿಯುವ ಮೊದಲು ಸಾಲವನ್ನು ಒಪ್ಪಿ ಸಹಿ ಮಾಡಿದರೆ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ. "ಇಷ್ಟು ಬಾಕಿ ಇದೆ, ರಿಯಾಯಿತಿ ಕೊಡಿ" ಎಂದು ಬರೆದ ಓಟಿಎಸ್ ಅರ್ಜಿಯೇ ಅಂಥ ಒಪ್ಪಿಗೆಯಾಗಬಹುದು. ಮಾರ್ಚ್‌ನಲ್ಲಿ ಬ್ಯಾಂಕಿನವರು ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋಗುವ ಕಾಗದಗಳಲ್ಲಿ ಬಾಕಿ ಒಪ್ಪಿಗೆ ಪತ್ರವೂ ಇರುತ್ತದೆ. ಸಹಿ ಹಾಕಬೇಡಿ ಎನ್ನುವುದಿಲ್ಲ. ಮೊತ್ತ ಓದದೆ ಹಾಕಬೇಡಿ.

ಸಹಕಾರ ಸಂಘ, ಡಿಸಿಸಿ ಬ್ಯಾಂಕು, ಪಿಎಲ್‌ಡಿ ಬ್ಯಾಂಕುಗಳಲ್ಲಿ ರಿಯಾಯಿತಿ ಹೆಚ್ಚಾಗಿ ಸರ್ಕಾರದ ಆದೇಶದ ಕಿಟಕಿಯಾಗಿ ತೆರೆಯುತ್ತದೆ. 2023ರ ಕೊನೆಯಲ್ಲಿ ಘೋಷಿಸಿದ ಯೋಜನೆಯಲ್ಲಿ ಸುಸ್ತಿಯಾದ ಮಧ್ಯಮಾವಧಿ, ದೀರ್ಘಾವಧಿ ಸಹಕಾರಿ ಸಾಲದ ಅಸಲನ್ನು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಮನ್ನಾ ಎಂದಿತ್ತು. ಕಿಟಕಿ ತೆರೆದಿದ್ದದ್ದು ಕೆಲವೇ ವಾರ. ಇಂಥವು ಇನ್ನೊಮ್ಮೆ ಬರುತ್ತವೆ ಎಂದು ಕಾಯುತ್ತ ಕೂತರೆ ಬಡ್ಡಿ ಕಾಯುವುದಿಲ್ಲ. 2018ರ ಸಾಲಮನ್ನಾದ ನಂತರ ಮತ್ತೊಂದು ಬಂದೀತೆಂದು ಸಾಲ ಕಟ್ಟದೆ ಕಾದವರ ಖಾತೆಗಳು ಎಷ್ಟು ಊದಿವೆ ಎಂಬುದನ್ನು ಯಾವ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿದರೂ ಹೇಳುತ್ತಾರೆ.

ಅದಾಲತ್ ಮತ್ತು ಡಿಕ್ರಿ

ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ. ಕೇಸು ಹಾಕುವ ಮೊದಲೇ, ದಾವಾಪೂರ್ವ ಪ್ರಕರಣವಾಗಿಯೂ ಬ್ಯಾಂಕುಗಳು ಸಾಲಗಾರರನ್ನು ಕರೆಸುತ್ತವೆ. ಅಲ್ಲಿ ಅವಧಿಗೆ ಕಾನೂನಿನ ಮಿತಿ ಇಲ್ಲ, ಇಬ್ಬರೂ ಒಪ್ಪಿದಷ್ಟು. ಓಟಿಎಸ್ ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಹಿ ಹಾಕುವ ಮುನ್ನ ಗೊತ್ತಿರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಅದಾಲತ್‌ನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಂತು ತಪ್ಪಿದರೆ ಬ್ಯಾಂಕು ಹೊಸದಾಗಿ ದಾವೆ ಹೂಡಬೇಕಿಲ್ಲ, ಆ ತೀರ್ಪನ್ನು ಜಾರಿ ಮಾಡಿಸುವ ಅಮಲ್ಜಾರಿಗೆ ನೇರ ಹೋಗಬಹುದು, ಅದಕ್ಕೆ 12 ವರ್ಷ ಕಾಲಾವಕಾಶವಿದೆ. ಕೈಯಲ್ಲಿ ದುಡ್ಡಿಲ್ಲದೆ, ಗದ್ದಲದಲ್ಲಿ, "ಮೂರು ತಿಂಗಳು ಅಂತ ಬರೀರಿ ನೋಡೋಣ" ಎಂದು ಒಪ್ಪಿದವರು ತಮ್ಮ ಮೇಲೆ ತಾವೇ ಡಿಕ್ರಿ ತಂದುಕೊಂಡ ಹಾಗೆ. ಕಂತಿನ ತಾರೀಕನ್ನು ಮಾರ್ಚ್ ಅಥವಾ ಏಪ್ರಿಲ್‌ಗೆ ಬರೆಸಿ. ಒಂದು ಕಂತು ತಪ್ಪಿದರೆ 30 ದಿನದ ಹೆಚ್ಚುವರಿ ಅವಕಾಶ ಎಂದೂ ಬರೆಸಿ. ಕೇಳಿದರೆ ಬರೆಯುತ್ತಾರೆ.

ಕೇಸು ಪೂರ್ತಿ ನಡೆದು ಹಣದ ಡಿಕ್ರಿ ಆಗುವ ಹಂತದಲ್ಲಿದ್ದರೆ ಕೆಲವೇ ಜನ ಬಳಸುವ ಒಂದು ಅವಕಾಶ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 11: ಸಾಕಷ್ಟು ಕಾರಣವಿದ್ದರೆ ಡಿಕ್ರಿ ಮಾಡುವಾಗಲೇ ಕಂತುಗಳಲ್ಲಿ ಕಟ್ಟಲು ನ್ಯಾಯಾಧೀಶರು ಹೇಳಬಹುದು, ಸಾಲದ ಕರಾರಿನಲ್ಲಿ ಏನೇ ಇರಲಿ. ಅದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕಿಲ್ಲ. ಡಿಕ್ರಿ ಆದ ಮೇಲೆ ಕೇಳಿದರೆ ಮಾತ್ರ ಡಿಕ್ರಿದಾರರ ಒಪ್ಪಿಗೆ ಬೇಕು. ಅಡಮಾನದ ಡಿಕ್ರಿಗೆ ಇದು ಹೊಂದುವುದಿಲ್ಲ. ಸಮನ್ಸ್ ಬಂದಾಗ ಕೋರ್ಟಿಗೇ ಹೋಗದೆ ಮನೆಯಲ್ಲಿ ಕೂತು ಏಕಪಕ್ಷೀಯ ಡಿಕ್ರಿ ಮಾಡಿಸಿಕೊಳ್ಳುವವರು ಕಳೆದುಕೊಳ್ಳುವುದು ಈ ಅವಕಾಶವನ್ನು. ಅಮಲ್ಜಾರಿಯಲ್ಲೂ ರೈತರ ಉಳುಮೆ ಸಲಕರಣೆ, ದನಕರು, ಬಿತ್ತನೆ ಬೀಜ, ವಾಸದ ಮನೆಗೆ ಸಂಹಿತೆಯ 60ನೇ ಕಲಮಿನ ರಕ್ಷಣೆ ಇದೆ. ಆದರೆ ಅದೇ ಮನೆಯನ್ನು ಅಡವಿಟ್ಟು ಅದೇ ಸಾಲ ತೆಗೆದಿದ್ದರೆ ಆ ರಕ್ಷಣೆ ನಂಬಿ ಕೂರುವಂತಿಲ್ಲ.

ನೋಟಿಸ್ ಕೊಟ್ಟು, ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್ ಇದೆ. ಅದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಬ್ಯಾಂಕು ಉತ್ತರಿಸಬೇಕು. ಕೃಷಿ ಜಮೀನಿಗೆ ಈ ಕಾಯ್ದೆ ತಗಲುವುದಿಲ್ಲ. ಶಿವಮೊಗ್ಗ ಪೇಟೆಯ ಸೈಟು, ಮನೆ ಇಟ್ಟು ತೋಟಕ್ಕೆ ಸಾಲ ತಂದವರಿಗೆ ಆ ವಿನಾಯಿತಿ ಇಲ್ಲ, ಕಾನೂನು ನೋಡುವುದು ಅಡವಿಟ್ಟ ಆಸ್ತಿಯನ್ನು. ಕಾಫಿ ತೋಟಗಳ ಮೇಲೆ ಈ ಕಾಯ್ದೆ ಬಳಸುವುದರ ವಿರುದ್ಧ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ವರ್ಷಗಳಿಂದ ದನಿ ಎತ್ತುತ್ತಿದ್ದಾರೆ, ಅದೇ ಒಂದು ದೊಡ್ಡ ಕತೆ.

ದಿವಾಳಿ ಅರ್ಜಿ? ಕರ್ನಾಟಕದ ಜಿಲ್ಲೆಗಳಲ್ಲಿ ವ್ಯಕ್ತಿಗಳಿಗೆ ಇಂದಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 500 ರೂಪಾಯಿ ಸಾಲವಿದ್ದರೆ ಅರ್ಜಿ ಹಾಕಬಹುದು ಎನ್ನುವ, ರೂಪಾಯಿಗೆ ಎಂಟಾಣೆ, ಆರಾಣೆ ಎಂದು ಲೆಕ್ಕ ಹಾಕುವ ಕಾನೂನು ಅದು. ಸಾಲಗಾರರ ರಾಜಿ ಯೋಜನೆಗೆ ಅಲ್ಲಿ ಸಾಲ ಕೊಟ್ಟವರ ಪೈಕಿ ಸಂಖ್ಯೆಯಲ್ಲಿ ಬಹುಮತ, ಮೊತ್ತದಲ್ಲಿ ಮುಕ್ಕಾಲು ಪಾಲಿನ ಒಪ್ಪಿಗೆ ಬೇಕು. ಇಷ್ಟೇ ವರ್ಷ ಎಂಬ ಅವಧಿಯಿಲ್ಲ. ಜಮೀನಿರುವವರಿಗೆ ಇದು ಪ್ರಯೋಜನದ ದಾರಿಯಲ್ಲ: ಆಸ್ತಿ ಕೋರ್ಟಿನ ಕೈಗೆ ಹೋಗುತ್ತದೆ, ಅಡಮಾನ ಹಿಡಿದ ಬ್ಯಾಂಕಿನ ಹಕ್ಕು ಹಾಗೇ ಉಳಿಯುತ್ತದೆ.

ಬ್ಯಾಂಕಿನ ಹೊರಗಿನ ಸಾಲ

ಬಗರ್‌ಹುಕುಂ, ಅಂದರೆ ಹಕ್ಕುಪತ್ರವಿಲ್ಲದೆ ಸಾಗುವಳಿ ಮಾಡುವ ಸರ್ಕಾರಿ ಜಮೀನಿನವರು, ಶರಾವತಿ ಮುಳುಗಡೆಯಿಂದ ಎದ್ದು ಬಂದು ಇನ್ನೂ ಹೆಸರಿಗೆ ಪಹಣಿ ಆಗದವರು ಮೇಲಿನ ಯಾವ ಏರ್ಪಾಡಿನ ಒಳಗೂ ಬರುವುದಿಲ್ಲ, ಏಕೆಂದರೆ ಪಹಣಿ ಇಲ್ಲದೆ ಬೆಳೆಸಾಲವೇ ಹುಟ್ಟುವುದಿಲ್ಲ. ಅವರ ಸಾಲ ಚಿನ್ನದ್ದು, ಸಂಘದ್ದು, ಮೈಕ್ರೋಫೈನಾನ್ಸ್‌ನದ್ದು, ಬಡ್ಡಿ ವ್ಯಾಪಾರಿಯದ್ದು. ವಾರ, ತಿಂಗಳ ಕಂತು, ಅವಧಿ ಒಂದೆರಡು ವರ್ಷ. ಮೈಕ್ರೋಫೈನಾನ್ಸ್‌ಗೆ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಲ್ಲಿ ಒಂದು ಮಿತಿ ಇದೆ: ಒಂದು ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ದಾಟಿದ ಮೇಲೂ ಕೊಟ್ಟಿದ್ದರೆ, ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಬರೆದು ಕೇಳಲು ಅದೇ ಆಧಾರ. ಪರವಾನಗಿ ಇಲ್ಲದೆ ಸಾಲ ಕೊಟ್ಟು ಪೀಡಿಸುವವರ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಿರುಸಾಲ ಕಾನೂನು ತಂದಿದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲವನ್ನು ಅದು ರದ್ದು ಮಾಡುವುದಿಲ್ಲ. "ಸಾಲ ಮನ್ನಾ ಆಗಿದೆ, ಕಟ್ಟಬೇಡಿ" ಎಂದು ಹಬ್ಬಿದ ಸುದ್ದಿ ನಂಬಿ ಕಂತು ನಿಲ್ಲಿಸಿದರೆ ತೊಂದರೆ ಕಟ್ಟದವರಿಗೇ.

ಯಾವುದನ್ನು ಹಿಡಿಯಬೇಕು

ಕೈಯಲ್ಲಿ ದುಡ್ಡಿದ್ದರೆ, ಅಥವಾ ಮಾರಾಟಕ್ಕೆ ಸಿದ್ಧವಾದ ಅಡಿಕೆ ಮನೆಯಲ್ಲೇ ಇದ್ದರೆ ಓಟಿಎಸ್. ಇಲ್ಲದಿದ್ದರೆ ಬಡ್ಡಿ ಹೆಚ್ಚಾದರೂ ಉದ್ದದ ಮರುಹೊಂದಾಣಿಕೆಯೇ ವಾಸಿ ಎಂಬುದು ನಮ್ಮ ನಿಲುವು. ಊರಲ್ಲಿ ಇದಕ್ಕೆ ಉಲ್ಟಾ ನಡೆಯುತ್ತದೆ. ಮಾರ್ಚ್ ಕೊನೆಗೆ ತಿಂಗಳಿಗೆ ನೂರಕ್ಕೆ 3 ರೂಪಾಯಿಯ ಕೈಸಾಲ ತಂದು ಸೊಸೈಟಿಗೆ ತುಂಬಿ, ಹೊಸ ಸಾಲ ಎತ್ತಿ ಕೈಸಾಲ ತೀರಿಸುವುದು. ಹತ್ತು ದಿನದಲ್ಲಿ ಹೊಸ ಸಾಲ ಬಂದರೆ ಲೆಕ್ಕ ಸರಿ. ಮಂಜೂರಾತಿ ಎರಡು ತಿಂಗಳು ತಡವಾದರೆ 3 ಲಕ್ಷಕ್ಕೆ 18,000 ಹೋಯಿತು. ವರ್ಷಪೂರ್ತಿ ಉಳಿದರೆ ಅದು ಶೇ 36.

ಮರುಹೊಂದಾಣಿಕೆಯ ಪತ್ರ ಕೈಗೆ ಬಂದಾಗ ನೋಡಬೇಕಾದ್ದು ಕಂತಿನ ಸ್ವರೂಪ. ಬ್ಯಾಂಕಿನ ಕಂಪ್ಯೂಟರಿನಲ್ಲಿ ತಿಂಗಳ ಕಂತೇ ಮೊದಲಿಗೆ ಕೂತಿರುತ್ತದೆ, ಯಾರೂ ಹೇಳದಿದ್ದರೆ ಹಾಗೇ ಬರುತ್ತದೆ. ಅಡಿಕೆಗೆ ವರ್ಷಕ್ಕೊಂದು ಕಂತು, ಏಪ್ರಿಲ್ ಅಥವಾ ಮೇಗೆ. ಮಾರ್ಚ್ 31 ಬ್ಯಾಂಕಿಗೆ ಅನುಕೂಲ. ಆದರೆ ಎಲ್ಲರೂ ಆ ವಾರ ಮಂಡಿಗೆ ಮಾಲು ಹಾಕಿದರೆ ದರದ ಮೇಲೆ ಒತ್ತಡ ಬೀಳುತ್ತದೆ. ಶುಂಠಿ, ಭತ್ತ ಜೊತೆಗಿದ್ದರೆ ಜನವರಿಗೆ ಒಂದು ಸಣ್ಣ ಕಂತು ಇಟ್ಟುಕೊಳ್ಳಬಹುದು. ಹವಾಮಾನ ಆಧಾರಿತ ಬೆಳೆವಿಮೆಯ ದುಡ್ಡನ್ನು ಕಂತಿನ ಲೆಕ್ಕಕ್ಕೆ ಹಿಡಿಯಬೇಡಿ. ಪರಿಹಾರ ಬರುವುದು ವಿಮಾ ವರ್ಷ ಮುಗಿದು ಮಳೆಮಾಪನ ಕೇಂದ್ರದ ಲೆಕ್ಕ ಇತ್ಯರ್ಥವಾದ ಮೇಲೆ, ಎಷ್ಟು ಎಂದು ಮೊದಲೇ ಯಾರೂ ಹೇಳಲಾರರು. ಜಾಮೀನುದಾರರ ಬಿಡುಗಡೆಯನ್ನು ಪತ್ರದಲ್ಲಿ ಹೆಸರು ಸಮೇತ ಬರೆಸಬೇಕು. ಸಾಲಗಾರರು ತೀರಿಕೊಂಡಿದ್ದರೆ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯಷ್ಟಕ್ಕೇ. ಅದು ಗೊತ್ತಿಲ್ಲದೆ, ಬೆಂಗಳೂರಲ್ಲಿ ಕೆಲಸದಲ್ಲಿರುವ ಮಕ್ಕಳು ಸ್ವಂತ ಹೆಸರಿನಲ್ಲಿ ಹೊಸ ಪತ್ರಕ್ಕೆ ಸಹಿ ಹಾಕಿ ಪೂರ್ತಿ ಹೊಣೆ ಮೈಮೇಲೆ ಎಳೆದುಕೊಳ್ಳುವುದುಂಟು.

ಕಟ್ಟಿ ಮುಗಿದ ಮೇಲಿನ ವರ್ಷಗಳು

ಓಟಿಎಸ್‌ನಲ್ಲಿ ತೀರಿಸಿದ ಖಾತೆ ಸಿಬಿಲ್‌ನಲ್ಲಿ "ಕ್ಲೋಸ್ಡ್" ಎಂದಲ್ಲ, "ಸೆಟಲ್ಡ್" ಎಂದು ಕೂರುತ್ತದೆ. ಸಾಲ ಮಾಹಿತಿ ಸಂಸ್ಥೆಗಳು ಇಂಥ ದಾಖಲೆಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. 3 ತಿಂಗಳ ಒಪ್ಪಂದದ ನೆರಳು 7 ವರ್ಷ. ಹೊಸ ಸಾಲಕ್ಕೂ ಕಾಯಬೇಕು: 2023ರ ಚೌಕಟ್ಟಿನಲ್ಲಿ ಕೃಷಿಯೇತರ ಸಾಲಕ್ಕೆ ಕನಿಷ್ಠ 12 ತಿಂಗಳು, ಕೃಷಿ ಸಾಲಕ್ಕೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ನಿಗದಿ ಮಾಡಿದಷ್ಟು. ಅದು ಎಷ್ಟು ಎಂದು ಸಹಿ ಹಾಕುವ ಮೊದಲೇ ಕೇಳಿ, ಮುಂದಿನ ವರ್ಷದ ಬೆಳೆಸಾಲ ಅದರ ಮೇಲೆ ನಿಂತಿದೆ. ಸಿಬಿಲ್ ದಾಖಲೆ ತಪ್ಪಾಗಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸದಿದ್ದಲ್ಲಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು.

ಅಡವಿಟ್ಟ ಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸದಿದ್ದರೆ ದಿನಕ್ಕೆ 5,000 ರೂಪಾಯಿ ಎಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಸುತ್ತೋಲೆಯ ತಲೆಬರಹದಲ್ಲೇ ವೈಯಕ್ತಿಕ ಸಾಲ ಎಂದಿದೆ, ಗೃಹಸಾಲದಂಥವು ಅದರಲ್ಲಿ ಸೇರುತ್ತವೆ. ಬೆಳೆಸಾಲಕ್ಕೆ ಅದನ್ನು ಹಿಡಿದು ವಾದಿಸುವುದು ಕಷ್ಟ, ಆದ್ದರಿಂದ ಪತ್ರ ಹಿಂದಿರುಗಿಸುವ ದಿನವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಜಾಣತನ.

ಇನ್ನು ಪಹಣಿ. ಕೊನೆಯ ಕಂತು ಕಟ್ಟಿದ ರಸೀದಿ ಜೊತೆ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ತೆಗೆದುಕೊಂಡರೆ ಕೆಲಸ ಮುಗಿಯಿತೆಂದು ಬಹಳ ಜನ ಬರುತ್ತಾರೆ. ಪಹಣಿಯ 11ನೇ ಕಾಲಂನ ಋಣಗಳ ಜಾಗದಲ್ಲಿ ಬ್ಯಾಂಕಿನ ಹೆಸರು ತಾನಾಗಿ ಹೋಗದೇ ಇರಬಹುದು. ಈಚಿನ ಸಾಲಗಳ ಋಣ ರಾಜ್ಯದ ರೈತ ನೋಂದಣಿ ತಂತ್ರಾಂಶ ಫ್ರೂಟ್ಸ್ ಮೂಲಕ ಬ್ಯಾಂಕೇ ದಾಖಲಿಸಿದ್ದರೆ ಬಿಡುಗಡೆಯನ್ನೂ ಅಲ್ಲಿಂದಲೇ ಮಾಡಿಸಬೇಕು. ಹಳೆಯ ಅಡಮಾನವಾದರೆ ಬ್ಯಾಂಕಿನಿಂದ ಬಿಡುಗಡೆ ಪತ್ರ ಮಾಡಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಅದು ಭೂಮಿ ದಾಖಲೆಗೆ ಹೋಯಿತೇ ಎಂದು ನೋಡಬೇಕು. ಒಂದೇ ಸಾಲಕ್ಕೆ ಮೂರು ನಾಲ್ಕು ಸರ್ವೆ ನಂಬರ್ ಕೊಟ್ಟಿದ್ದರೆ ಒಂದೊಂದರ ಪಹಣಿಯನ್ನೂ ಬೇರೆ ಬೇರೆ ತೆಗೆಸಿ ನೋಡಿ. ಮನೆ ಹತ್ತಿರದ ತೋಟದ್ದು ಹೋಗಿ ದೂರದ ಖುಷ್ಕಿ ತುಂಡಿನದು ಉಳಿದಿರುತ್ತದೆ, ಅಣ್ಣತಮ್ಮಂದಿರ ಹಿಸ್ಸೆ ಆಗುವ ದಿನವೇ ಅದು ಕಣ್ಣಿಗೆ ಬೀಳುವುದು. ಬಿಡುಗಡೆಯಾಗಿ ತಿಂಗಳಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ, ಸಾಲ ತೆಗೆದ ವರ್ಷದಿಂದ ಇವತ್ತಿನವರೆಗಿನದು ಇರಲಿ, ಅಡಮಾನದ ನಮೂದು ಮತ್ತು ಅದರ ಬಿಡುಗಡೆಯ ನಮೂದು ಎರಡೂ ಅದರಲ್ಲಿ ಕಾಣಬೇಕು.